ತಳದ ಮೀನಿಗೆ ಯಾವ ಫಿಶ್ ಫೈಂಡರ್? ಗೊರೂರು, ಯಗಚಿ, ಭದ್ರಾ ಕಡೆ ಗಾಳ ಹಾಕೋರಿಗೆ ಒಂದು ಹೋಲಿಕೆ

ಮಳೆ ನಿಂತು ಹೇಮಾವತಿ (ಗೊರೂರು ಡ್ಯಾಮ್) ಹಿನ್ನೀರು ಸ್ವಲ್ಪ ತಿಳಿಯಾಗೋ ಟೈಮಿಗೆ ಯಾವ ಫಿಶ್ ಫೈಂಡರ್ ಅನ್ನೋ ಪ್ರಶ್ನೆ ಶುರುವಾಗತ್ತೆ. ಫಿಶ್ ಫೈಂಡರ್ ಅಂದ್ರೆ ನೀರೊಳಗೆ ಸದ್ದು ಬಿಟ್ಟು, ಅದು ವಾಪಸ್ ಬರೋದ್ರಿಂದ (ಇದಕ್ಕೆ ಸೋನಾರ್ ಅಂತಾರೆ) ಮೀನು, ತಳ ಎಲ್ಲ ಸ್ಕ್ರೀನ್ ಮೇಲೆ ತೋರಿಸೋ ಮಿಷಿನ್. ದಡದಿಂದ ಎಸೆಯೋದು ತಗೊಳ್ಳೋದಾ, ತೆಪ್ಪಕ್ಕೆ ಕಟ್ಟೋದು ತಗೊಳ್ಳೋದಾ, ಆನ್‌ಲೈನಲ್ಲಿ ಹತ್ತು ಸಾವಿರದೊಳಗೆ ಸಿಗೋ ಸಣ್ಣ ಡಬ್ಬಿ ಸಾಕಾ, ಇಲ್ಲ ಸಾಲ ಮಾಡಿ ದೊಡ್ಡದೇ ತಗೊಳ್ಳೋದಾ ಅಂತ. ಕೇಳೋರಲ್ಲಿ ಮುಕ್ಕಾಲು ಜನಕ್ಕೆ ಬೇಕಾಗಿರೋದು ಮೃಗಾಲ್, ಕಾಮನ್ ಕಾರ್ಪ್, ಬಾಳೆ ಮೀನು, ಅಂದ್ರೆ ತಳದಲ್ಲಿ ಮೇಯೋದು, ತಳಕ್ಕೆ ಅಂಟಿಕೊಂಡೇ ಓಡಾಡೋದು. ಕಾಟ್ಲಾ ಮೇಲಿನ ನೀರಲ್ಲಿ ತಿನ್ನತ್ತೆ, ರೋಹು ನಡು ನೀರಲ್ಲಿ, ಅವನ್ನ ತೋರಿಸೋದು ಯಾವ ಮಿಷಿನ್‌ಗೂ ದೊಡ್ಡ ವಿಷಯ ಅಲ್ಲ. ತಳದಿಂದ ಅರ್ಧ ಅಡಿ ಮೇಲಿರೋ ಮೀನನ್ನ ತಳದಿಂದ ಬೇರೆ ಮಾಡಿ ತೋರಿಸೋದೇ ಕಷ್ಟ, ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರೋ "1600 ಅಡಿ ಆಳ" ಅನ್ನೋದಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ನಮ್ ಕಡೆ ಗಾಳ ಬೀಳೋ ಜಾಗದಲ್ಲಿ ನಲವತ್ತು ಅಡಿ ಇದ್ರೆ ಅದೇ ಜಾಸ್ತಿ ಮಾರಾಯ್ರೆ, 1600 ಯಾರಿಗೆ ಬೇಕು.

ಮೊದಲು ಏನೇನು ನೋಡ್ಬೇಕು ಅಂತ ಹೇಳ್ಬಿಡ್ತೀನಿ, ಆಮೇಲೆ ಒಂದೊಂದೇ ಮಿಷಿನ್.

ಬೀಮ್ ಎಷ್ಟು ಅಗಲ

ಇದು ಎಲ್ಲದಕ್ಕಿಂತ ಮುಖ್ಯ, ಅಂಗಡಿಯೋರು ಇದನ್ನ ಹೇಳೋದೇ ಇಲ್ಲ. ಫೈಂಡರ್ ಕೆಳಗೆ ಬಿಡೋ ಸದ್ದು ಟಾರ್ಚ್ ಬೆಳಕಿನ ಥರ ಹೋಗ್ತಾ ಹೋಗ್ತಾ ಅಗಲ ಆಗತ್ತೆ, ಇದೇ ಬೀಮ್. 30 ಅಡಿ ನೀರಲ್ಲಿ 20 ಡಿಗ್ರಿ ಬೀಮು ತಳದಲ್ಲಿ ಹತ್ತೂವರೆ ಅಡಿ ಅಗಲದ ವೃತ್ತ ಆಗತ್ತೆ, 47 ಡಿಗ್ರಿದು 26 ಅಡಿ, 7 ಡಿಗ್ರಿದು ನಾಲ್ಕಡಿಗಿಂತ ಕಮ್ಮಿ. ಅಗಲ ಇದ್ರೆ ಜಾಸ್ತಿ ಮೀನು ಕಾಣತ್ತಲ್ವಾ ಒಳ್ಳೇದೇ ಅಲ್ವಾ ಅಂತ ಅನ್ಸತ್ತೆ. ನಡು ನೀರಿನ ಮೀನಿಗೆ ಹೌದು, ತಳದ ಮೀನಿಗೆ ಉಲ್ಟಾ.

ಯಾಕೆ ಅಂದ್ರೆ ಮಿಷಿನ್‌ಗೆ ಗೊತ್ತಾಗೋದು ದೂರ ಒಂದೇ, ದಿಕ್ಕು ಗೊತ್ತಾಗಲ್ಲ. ನೇರ ಕೆಳಗಿರೋ ತಳ 30 ಅಡಿಲಿದೆ, ಅದರ ಸದ್ದು ಮೊದಲು ವಾಪಸ್ ಬರತ್ತೆ, ಬೀಮಿನ ಅಂಚಲ್ಲಿರೋ ಮೀನಿನ ಸದ್ದು ಓರೆಯಾಗಿ ಬರ್ಬೇಕು ಹಾಗಾಗಿ ತಳದ್ದು ಬಂದಮೇಲೆ ಬರತ್ತೆ, ಅಷ್ಟೊತ್ತಿಗೆ ಸ್ಕ್ರೀನ್ ಮೇಲೆ ತಳದ ಗೆರೆ ಎಳೆದಾಗಿದೆ, ಮೀನು ಆ ಗೆರೆಯೊಳಗೇ ಮುಚ್ಚಿಹೋಗತ್ತೆ. ಲೆಕ್ಕ ಹಾಕಿದ್ರೆ 30 ಅಡಿ ನೀರಲ್ಲಿ 47 ಡಿಗ್ರಿ ಬೀಮಿನ ಅಂಚಲ್ಲಿ ತಳದಿಂದ ಎರಡೂವರೆ ಅಡಿ ಎತ್ತರದವರೆಗೂ ಇರೋದೆಲ್ಲ ಮಾಯ. 20 ಡಿಗ್ರಿಗೆ ಅದು ಅರ್ಧ ಅಡಿಗೆ ಇಳಿಯತ್ತೆ, 7 ಡಿಗ್ರಿಗೆ ಒಂದಿಂಚೂ ಇಲ್ಲ. ತಳ ಮಟ್ಟವಾಗಿದ್ರೆ ಈ ಲೆಕ್ಕ. ಹಳೇ ಹೊಳೆ ದಂಡೆ ಥರ ಇಳಿಜಾರಿದ್ರೆ ಇನ್ನೂ ಕೆಟ್ಟದು, ಬೀಮಿನೊಳಗೆ ಮೇಲಿರೋ ಕಡೆಯನ್ನೇ ತಳ ಅಂತ ತೋರಿಸಿ ಕೆಳಗಿರೋ ಕಡೆ ಮೀನೆಲ್ಲ ನುಂಗಿಬಿಡತ್ತೆ. ಬಾಳೆ ಮೀನು ಇರೋದು ಹೆಚ್ಚಾಗಿ ಅಂಥ ಅಂಚುಗಳಲ್ಲೇ, ಅದೇ ತಮಾಷೆ.

ಬಹಳಷ್ಟು ಮಿಷಿನ್‌ನಲ್ಲಿ ಫ್ರೀಕ್ವೆನ್ಸಿ ಜಾಸ್ತಿ ಆದಷ್ಟೂ ಬೀಮ್ ಕಿರಿದಾಗತ್ತೆ. 77 ಅಥವಾ 83 ಕಿಲೋಹರ್ಟ್ಜ್ ಅಗಲ, 200 ಕಿರಿದು. ಎರಡೂ ಇರೋದು ತಗೊಂಡು ತಳಕ್ಕೆ 200 ಹಾಕ್ಕೊಳ್ಳಿ.

ಉಳಿದ ಮೂರು ವಿಷಯ

ಚರ್ಪ್ ಇದೆಯಾ ಅಂತ ನೋಡಿ. ಸಾದಾ ಸೋನಾರ್ ಒಂದೇ ಫ್ರೀಕ್ವೆನ್ಸಿಲಿ ಒಂದು ಸದ್ದು ಬಿಡತ್ತೆ, ಆ ಸದ್ದಿಗೇ ಒಂದು ಉದ್ದ ಇದೆ, ನೀರಲ್ಲಿ ಸದ್ದು ಸೆಕೆಂಡಿಗೆ ಹತ್ರತ್ರ 1500 ಮೀಟರ್ ಓಡೋದ್ರಿಂದ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ ಹೊತ್ತು ಬಿಟ್ಟ ಸದ್ದು 15 ಸೆಂಟಿಮೀಟರ್ ಉದ್ದ ಇರತ್ತೆ, ಅದರಲ್ಲಿ ಅರ್ಧದಷ್ಟು ಅಂದ್ರೆ ಏಳೂವರೆ ಸೆಂಟಿಮೀಟರ್‌ಗಿಂತ ಹತ್ರ ಇರೋ ಎರಡು ವಸ್ತು ಒಂದೇ ಆಗಿ ಕಾಣತ್ತೆ. ತಳ ಮತ್ತೆ ಮೀನಿನ ಹೊಟ್ಟೆ ಮಧ್ಯೆ ಅಷ್ಟು ಗ್ಯಾಪ್ ಇಲ್ಲ ಅಂದ್ರೆ ತಳದಲ್ಲೊಂದು ಉಬ್ಬು ಕಂಡ ಹಾಗಾಗತ್ತೆ ಅಷ್ಟೆ. ಚರ್ಪ್ ಒಂದು ಫ್ರೀಕ್ವೆನ್ಸಿಯಿಂದ ಇನ್ನೊಂದಕ್ಕೆ ಜಾರ್ತಾ ಸದ್ದು ಬಿಡೋದ್ರಿಂದ ವಾಪಸ್ ಬಂದಾಗ ಇದನ್ನ ಬಿಡಿಸಿ ಓದೋಕಾಗತ್ತೆ.

ಸ್ಕ್ರೀನಲ್ಲಿ ಇಂಚು ನೋಡ್ಬೇಡಿ, ಮೇಲಿಂದ ಕೆಳಗೆ ಎಷ್ಟು ಪಿಕ್ಸೆಲ್ ಅಂತ ನೋಡಿ. 40 ಅಡಿ ನೀರನ್ನ 480 ಪಿಕ್ಸೆಲ್‌ನಲ್ಲಿ ತೋರಿಸಿದ್ರೆ ಒಂದು ಪಿಕ್ಸೆಲ್‌ಗೆ ಒಂದಿಂಚು, ಮೂರ್ನಾಲ್ಕು ಇಂಚು ಎತ್ತರದ ಮೃಗಾಲ್ ಮೂರ್ನಾಲ್ಕು ಚುಕ್ಕಿ. ಗಾರ್ಮಿನ್ ಸ್ಟ್ರೈಕರ್ 4 ನೋಡೋಕೆ ಪುಟ್ಟದು, ಮೂರೂವರೆ ಇಂಚು, ಆದ್ರೆ ಸ್ಕ್ರೀನ್ ಉದ್ದುದ್ದಕ್ಕೆ ನಿಂತಿದೆ, ಮೇಲಿಂದ ಕೆಳಗೆ 480. ಐದಿಂಚಿನ ಮಾಡೆಲ್‌ಗಳು ಸುಮಾರಷ್ಟು ಅಡ್ಡಡ್ಡ 800, ಮೇಲಿಂದ ಕೆಳಗೆ ಅದೇ 480. ಜಾಸ್ತಿ ದುಡ್ಡು ಕೊಟ್ಟು ಸಿಕ್ಕಿದ್ದು ಅಗಲ, ಅಗಲದಲ್ಲಿ ಇರೋದು ಹಿಂದೆ ದಾಟಿಬಂದ ನೀರಿನ ಚಿತ್ರ. ವಯಸ್ಸಾದೋರಿಗೆ ಕಣ್ಣಿಗೆ ಸುಖ, ಅದು ಬೇರೆ ಮಾತು.

ಬಾಟಮ್ ಲಾಕ್ ಅಥವಾ ಬಾಟಮ್ ಝೂಮ್ ಇರ್ಲೇಬೇಕು. ತಳದಿಂದ ಮೇಲೆ ಆರೋ ಹತ್ತೋ ಅಡಿ ಮಾತ್ರ ಇಡೀ ಸ್ಕ್ರೀನ್ ತುಂಬ ತೋರಿಸೋ ಆಪ್ಷನ್ ಇದು. ತಳದ ಮೀನಿಗೆ ಹೊರಟೋರಿಗೆ ಇದಿಲ್ದೆ ಇರೋ ಮಿಷಿನ್ ದಂಡ.

ಒಂದು ಮಾತು ಇಲ್ಲೇ ಹೇಳ್ಬೇಕು. ಮೀನಿನ ಹೊಟ್ಟೆಲಿರೋ ಗಾಳಿ ಚೀಲದಿಂದ್ಲೇ ಸದ್ದು ಜೋರಾಗಿ ವಾಪಸ್ ಬರೋದು, ಕಾರ್ಪ್ ಜಾತಿಗೆ ಆ ಚೀಲ ದೊಡ್ಡದು, ಹಾಗಾಗಿ ಚೆನ್ನಾಗಿ ಕಾಣತ್ತೆ. ಕೆಸರಲ್ಲಿ ಹುದುಗಿ ಕೂರೋ ಹಾವು ಮೀನು, ಚೇಳು ಮೀನು ಹುಡುಕ್ತೀನಿ ಅಂದ್ರೆ ಎಷ್ಟು ಲಕ್ಷದ ಮಿಷಿನ್ ತಂದ್ರೂ ಆಗಲ್ಲ, ಕೆಸರೊಳಗಿನ ಮೀನು ಯಾವುದಕ್ಕೂ ಕಾಣಲ್ಲ.

ದುಡ್ಡೇ ಇಲ್ಲದ ಆಯ್ಕೆ

ಹೇಮಾವತಿ ಹಿನ್ನೀರಲ್ಲಿ ಹಾಕೋರಿಗೆ ಇದು ಮೊದಲನೇ ಆಯ್ಕೆ ಅಂತ ನನ್ನ ಅಭಿಪ್ರಾಯ. ಬೇಸಿಗೆಲಿ ನೀರು ಇಳಿದಾಗ ಶೆಟ್ಟಿಹಳ್ಳಿ ಚರ್ಚ್ ಸುತ್ತ ನೆಲ ಬಿಡತ್ತಲ್ಲ, ಫೋಟೋಗೆ ಪೋಸ್ ಕೊಟ್ಟು ಬರೋ ಬದಲು ಅಕ್ಕಪಕ್ಕದ ಹಿನ್ನೀರಲ್ಲಿ ನೀವು ಗಾಳ ಹಾಕೋ ಕಡೆ ಒಂದು ರೌಂಡ್ ನಡೀರಿ. ಹಳೇ ಗೋಡೆ, ಮರದ ಬೊಡ್ಡೆ, ಕಲ್ಲು ಗುಡ್ಡೆ, ಹಳೇ ರಸ್ತೆ, ಹಳ್ಳ ಸೇರೋ ಜಾಗ ಎಲ್ಲ ಕಣ್ಣಿಗೇ ಕಾಣತ್ತೆ, ಮೊಬೈಲ್ ಮ್ಯಾಪಲ್ಲಿ ಪಿನ್ ಹಾಕ್ಕೊಳ್ಳಿ. ಮಳೆಗಾಲ ಮುಗಿದ ಮೇಲೆ ತಳದ ಮೀನು ಸೇರೋದು ಅಲ್ಲೇ. ಆಳ ಬೇಕಾ, ಗೊರೂರು ಡ್ಯಾಮ್ ಪೂರ್ತಿ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 2922 ಅಡಿ ಅಂತ ಲೆಕ್ಕ, ದಿನದ ಮಟ್ಟ ಪೇಪರಲ್ಲೇ ಬರತ್ತೆ. ಮಟ್ಟ 2890 ಇದ್ದ ದಿನ ನೀರಿನ ಅಂಚು ಎಲ್ಲಿತ್ತೋ ಅಲ್ಲೊಂದು ಪಿನ್ ಹಾಕಿದ್ರೆ ಡ್ಯಾಮ್ ತುಂಬಿದಾಗ ಅಲ್ಲಿ 32 ಅಡಿ ನೀರಿರತ್ತೆ, ಮಟ್ಟ ಇಳಿದಷ್ಟೂ ಕಳೀತಾ ಹೋಗೋದು. ಇದಕ್ಕೆ ಮಿಷಿನ್ ಬೇಕಾ?

ಸಣ್ಣ ಕೆರೆಗಳಿಗೂ ಅಷ್ಟೆ, ಎಂಟತ್ತು ಅಡಿ ನೀರಿರೋ ಕಡೆ 20 ಡಿಗ್ರಿ ಬೀಮ್ ತೋರಿಸೋದು ಮೂರಡಿ ವೃತ್ತ, ಅದಕ್ಕೆ ಫೈಂಡರ್ ದಂಡ. ದಾರಕ್ಕೆ ಸೀಸ ಕಟ್ಟಿ ಎಸೆದು ನಿಧಾನ ಎಳ್ಕೊಂಡ್ರೆ ಕಲ್ಲೋ ಕೆಸರೋ ಜೊಂಡೋ ಕೈಗೇ ಗೊತ್ತಾಗತ್ತೆ. ಸಖರಾಯಪಟ್ಟಣದ ಅಯ್ಯನಕೆರೆ ಥರ ದೊಡ್ಡ ಕೆರೆ ಆದ್ರೆ ಮುಂದೆ ಓದಿ.

ಕೈಯಲ್ಲಿ ಹಿಡಿಯೋ ಸಣ್ಣ ಡಬ್ಬಿ

ಲಕ್ಕಿ ಅಂತೆಲ್ಲ ಬರೋ ಕಪ್ಪು ಬಿಳುಪು ಸ್ಕ್ರೀನಿನವು, ವೈರ್ ತುದಿಲಿ ಒಂದು ಉಂಡೆ, ಸಣ್ಣ ಸೆಲ್ ಹಾಕಿದ್ರೆ ಆಯ್ತು. ಸಾಮಾನ್ಯ ಮಾಡೆಲ್‌ಗಳಲ್ಲಿ ಒಂದೇ ಬೀಮು, ಅದೂ 45 ಡಿಗ್ರಿ. ಮೇಲೆ ಹೇಳಿದ ಲೆಕ್ಕ ಹಾಕಿ ನೋಡಿ, 30 ಅಡಿಲಿ ಅಂಚಿನ ಕಡೆ ತಳದ ಎರಡಡಿಗೂ ಮೀರಿ ಕುರುಡು. ಮೀನಿನ ಗುರುತು ಟಿಕ್ ಟಿಕ್ ಅಂತ ಬರ್ತಾ ಇರತ್ತೆ, ಅದು ಮೀನೂ ಆಗಿರ್ಬೋದು, ತೇಲೋ ಎಲೆ, ಕೊಂಬೆ, ಗುಳ್ಳೆ ಏನು ಬೇಕಾದ್ರೂ ಆಗಿರ್ಬೋದು. ಆಳ ಮಾತ್ರ ಕರೆಕ್ಟಾಗಿ ಹೇಳತ್ತೆ. ಆಳ ತಿಳಿದು ಹಳ್ಳದ ಗುಂಡಿ ಹುಡುಕಿದ್ರೆ ಸಾಕು ಅನ್ನೋರು ತಗೊಳ್ಳಿ, ತಳದ ಮೀನನ್ನೇ ನೋಡ್ಬೇಕು ಅನ್ನೋರು ಇದರ ದುಡ್ಡು ಉಳಿಸಿ ಇನ್ನೊಂದಿಷ್ಟು ಸೇರಿಸಿ. ಇನ್ನು ಇದರ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ.

ದಡದಿಂದ ಎಸೆಯೋದು

ತೆಪ್ಪ ಇಲ್ಲ, ದಡದಲ್ಲೇ ಕೂರೋದು ಅನ್ನೋರಿಗೆ ನಿಜವಾದ ಆಯ್ಕೆ ಇದೊಂದೇ. ಚೆಂಡಿನ ಥರದ್ದನ್ನ ರಾಡಿಗೆ ಕಟ್ಟಿ ಎಸೆಯೋದು, ಅದು ತೇಲ್ತಾ ಮೊಬೈಲಿಗೆ ಚಿತ್ರ ಕಳಿಸತ್ತೆ. ಡೀಪರ್ ಕಂಪನಿದು ಮೂರ್ನಾಲ್ಕು ದರ್ಜೆ ಇದೆ. ಕಮ್ಮಿ ರೇಟಿನ ಸ್ಟಾರ್ಟ್ ಅನ್ನೋದ್ರಲ್ಲಿ ಒಂದೇ ಅಗಲದ ಬೀಮು, 40 ಡಿಗ್ರಿ. ಚರ್ಪ್ ಪ್ಲಸ್ 2 ಅನ್ನೋದ್ರಲ್ಲಿ 7, 20, 47 ಮೂರೂ ಇದೆ, ಜಿಪಿಎಸ್ಸೂ ಒಳಗೇ ಇದೆ. ಹೆಸರು ಒಂದೇ ಅಂತ ಸ್ಟಾರ್ಟ್ ತಗೊಂಡ್ರೆ ತಳದ ಮೀನಿನ ಮಟ್ಟಿಗೆ ಆ ಸಣ್ಣ ಡಬ್ಬಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ತಳ ಬೇಕು ಅಂದ್ರೆ 7 ಡಿಗ್ರಿ ಇರೋದೇ ತಗೊಳ್ಳಿ, ರೇಟು ಎರಡು ಪಟ್ಟಿಗೂ ಮೇಲಾಗತ್ತೆ, ಬೇಜಾರ್ ಮಾಡ್ಕೋಬೇಡಿ. ಗಾರ್ಮಿನ್ ಸ್ಟ್ರೈಕರ್ ಕಾಸ್ಟ್ ಅಂತಾನೂ ಒಂದಿದೆ, 150 ಅಡಿ ಆಳದವರೆಗೆ ನೋಡತ್ತೆ, ನಮಗೆ ಅದೂ ಧಾರಾಳ.

ಜಿಪಿಎಸ್ ಒಳಗಿದ್ರೆ ಏನು ಲಾಭ ಅಂದ್ರೆ, ಒಂದೇ ಜಾಗದಿಂದ ಬೀಸಣಿಗೆ ಥರ ಹರಡಿ ಎಸೆದು ನಿಧಾನಕ್ಕೆ ಎಳ್ಕೊಂಡ್ರೆ ನಿಮ್ಮ ಮುಂದಿನ ನೀರಿನ ಆಳದ ಮ್ಯಾಪೇ ರೆಡಿ ಆಗತ್ತೆ. ದಡದೋರಿಗೆ ಮೀನಿನ ಚಿತ್ರಕ್ಕಿಂತ ಈ ಮ್ಯಾಪೇ ಜಾಸ್ತಿ ಉಪಯೋಗ ಅಂತ ಅನ್ಸತ್ತೆ ನಂಗೆ, ಮೀನು ಇವತ್ತಿರತ್ತೆ ನಾಳೆ ಇರಲ್ಲ, ಗುಂಡಿ ಎಲ್ಲಿಗೂ ಹೋಗಲ್ಲ.

ತೊಂದರೆಗಳೂ ಇದೆ. ತೂಕ ಸುಮಾರು 90-100 ಗ್ರಾಂ, ನಮ್ ಹುಡುಗ್ರು ಇಟ್ಕೊಂಡಿರೋ ತೆಳ್ಳಗಿನ ರಾಡಲ್ಲಿ ಬೀಸಿ ಎಸೆದ್ರೆ ರಾಡ್ ತುದಿ ಮುರಿಯತ್ತೆ ಇಲ್ಲ ದಾರ ಕಿತ್ತು ಮಿಷಿನ್ ಭದ್ರಾವತಿ ಕಡೆ ಹೊರಟುಬಿಡತ್ತೆ. ದಪ್ಪ ರಾಡು, ಗಟ್ಟಿ ಬ್ರೇಡ್ ದಾರ, ತಿಂಗಳಿಗೊಂದು ಸಲ ಗಂಟು ಚೆಕ್. ಅಂತರಗಂಗೆ, ಜೊಂಡು ತುಂಬಿರೋ ಕಡೆ ಎಸೀಲೇಬೇಡಿ. ಬೊಡ್ಡೆ ಇರೋ ಕಡೆ ನೀರು ಇಳಿದಿದ್ರೆ ಅದೂ ಸಿಕ್ಕಾಕ್ಕೊಳ್ಳತ್ತೆ. ಮಧ್ಯಾಹ್ನದ ಬಿಸಿಲಿಗೆ ಮೊಬೈಲ್ ಸ್ಕ್ರೀನ್ ಕಾಣಲ್ಲ, ಛತ್ರಿ ಇಟ್ಕೊಳ್ಳಿ. ಹಿನ್ನೀರಲ್ಲಿ ನೆಟ್‌ವರ್ಕ್ ಇಲ್ವಲ್ಲ ಅಂತ ಕೆಲವ್ರು ಹೆದರ್ತಾರೆ, ಅದೇನೂ ಬೇಡ, ಮಿಷಿನ್ ತನ್ನದೇ ವೈಫೈ ಬಿಡತ್ತೆ. ಆದ್ರೆ ಕೆಲವು ಫೋನು ಈ ವೈಫೈಲಿ ಇಂಟರ್ನೆಟ್ ಇಲ್ಲ ಅಂತ ತಾನೇ ಬಿಟ್ಟುಬಿಡತ್ತೆ, ಆಗ ಮೊಬೈಲ್ ಡೇಟಾ ಆಫ್ ಮಾಡಿ. ಸಿಗ್ನಲ್ ಕಟ್ ಆಗ್ತಿದ್ರೆ ಫೋನನ್ನ ನೆಲದ ಹತ್ರ ಇಡ್ಬೇಡಿ, ಎತ್ತರಕ್ಕೆ ಹಿಡಿದ್ರೆ ದೂರದವರೆಗೆ ಸಿಗತ್ತೆ.

ಇದನ್ನೇ ತೆಪ್ಪದ ಪಕ್ಕ ಒಂದು ದಾರಕ್ಕೆ ಕಟ್ಟಿ ತೇಲಿಬಿಟ್ರೂ ಕೆಲಸ ಮಾಡತ್ತೆ. ಒಂದು ವಾರ ದಡ ಒಂದು ವಾರ ತೆಪ್ಪ ಅನ್ನೋರಿಗೆ ಎರಡು ಮಿಷಿನ್ ಬೇಡ.

ತೆಪ್ಪಕ್ಕೆ ಕಟ್ಟೋ ನಾಲ್ಕೈದು ಇಂಚಿನವು

ತೆಪ್ಪ ಇರೋರಿಗೆ, ಅಥವಾ ತೆಪ್ಪದೋರು ಗೊತ್ತಿರೋರಿಗೆ, ಕೊಟ್ಟ ದುಡ್ಡಿಗೆ ಇದಕ್ಕಿಂತ ಒಳ್ಳೇದು ಇಲ್ಲ. ಸ್ಟ್ರೈಕರ್ 4 ನಾನು ಮೊದಲು ಹೇಳೋ ಹೆಸರು, 77 ಮತ್ತೆ 200 ಎರಡೂ ಇದೆ, ಚರ್ಪ್ ಇದೆ, ಬಾಟಮ್ ಲಾಕ್ ಇದೆ, ಪಿನ್ ಹಾಕೋಕೆ ಜಿಪಿಎಸ್ ಇದೆ. ಮ್ಯಾಪ್ ಇಲ್ಲ, ಇದ್ರೂ ಯಗಚಿದೋ ವಾಟೆಹೊಳೆದೋ ತಳದ ಮ್ಯಾಪ್ ಯಾರು ಹಾಕಿರ್ತಾರೆ. ಲೋರೆನ್ಸ್ ಹುಕ್ ರಿವೀಲ್ 5, ಹಮ್ಮಿನ್‌ಬರ್ಡ್ ಹೆಲಿಕ್ಸ್ 5 ಇವೂ ಒಳ್ಳೇವೇ, ಬೇಸಿಗೆಲಿ ನಡೆದು ಹಾಕಿದ ಪಿನ್ನುಗಳನ್ನ ಇದರಲ್ಲೂ ಹಾಕ್ಕೊಂಡ್ರೆ ನೇರ ಬೊಡ್ಡೆ ಮೇಲೇ ಹೋಗಿ ನಿಲ್ಬೋದು.

ಕಟ್ಟೋದು ಹೇಗೆ ಅನ್ನೋದೇ ಇಲ್ಲಿ ಗೋಳು. ದೋಣಿ ಹಿಂದಿನ ಹಲಗೆಗೆ ಸ್ಕ್ರೂ ಹೊಡೀರಿ ಅಂತ ಮ್ಯಾನ್ಯುಯಲ್ ಹೇಳತ್ತೆ, ತೆಪ್ಪಕ್ಕೆ ಹಿಂದೂ ಇಲ್ಲ ಮುಂದೂ ಇಲ್ಲ. ಒಂದು ಪಿವಿಸಿ ಪೈಪಿಗೆ ಸದ್ದು ಬಿಟ್ಟು ವಾಪಸ್ ಹಿಡಿಯೋ ಭಾಗ ಅಂದ್ರೆ ಟ್ರಾನ್ಸ್‌ಡ್ಯೂಸರ್ ಬಿಗಿದು, ಪೈಪನ್ನ ಅಂಚಿನ ಬಿದಿರಿಗೆ ಅಥವಾ ಫೈಬರ್ ಅಂಚಿಗೆ ಕ್ಲಾಂಪ್ ಹಾಕಿ ನೀರೊಳಗೆ ಅರ್ಧ ಅಡಿ ಇಳಿಸಿ, ನೇರ ಕೆಳಗೆ ನೋಡ್ಬೇಕು, ಓರೆ ಆದ್ರೆ ಮೇಲೆ ಹೇಳಿದ ಇಳಿಜಾರಿನ ಕಾಟವೇ ಬೇರೆ ಥರ ಬರತ್ತೆ. ಇಬ್ಬರು ಕೂತು ತೆಪ್ಪ ಒಂದು ಕಡೆ ವಾಲಿದ್ರೂ ಅಷ್ಟೆ, ಕೂತ ಮೇಲೆ ಪೈಪ್ ನೆಟ್ಟಗಿದೆಯಾ ನೋಡ್ಕೊಳ್ಳಿ.

ಬ್ಯಾಟರಿಗೆ ಯುಪಿಎಸ್‌ನಲ್ಲಿ ಬರೋ 12 ವೋಲ್ಟ್ 7 ಎಎಚ್ (ಆಂಪಿಯರ್-ಗಂಟೆ) ಸಾಕು, ಹಾಸನ ಚಿಕ್ಕಮಗಳೂರು ಎಲ್ಲಿ ಬೇಕಾದ್ರೂ ಸಿಗತ್ತೆ, ಎರಡು ಕೆಜಿ ಮೇಲೆ ತೂಕ. ಸ್ಟ್ರೈಕರ್ 4 ತಿನ್ನೋದು ಕಾಲು ಆಂಪಿಯರ್ ಆಸುಪಾಸು, ಬ್ಯಾಟರಿ ಅರ್ಧ ಖಾಲಿ ಮಾಡಿದ್ರೂ ಇಡೀ ದಿನ ಬರತ್ತೆ. ತೂಕ ಕಮ್ಮಿ ಬೇಕು ಅಂದ್ರೆ ಲಿಥಿಯಂ ಫಾಸ್ಫೇಟ್ ಬ್ಯಾಟರಿ, ಒಂದು ಕೆಜಿ ಒಳಗೆ, ರೇಟು ಜಾಸ್ತಿ. ಫ್ಯೂಸ್ ಹಾಕ್ದೆ ನೇರ ವೈರ್ ಕೊಡ್ಬೇಡಿ.

ಓದೋದಕ್ಕೆ ಬಂದ್ರೆ, ಮೀನಿನ ಚಿಹ್ನೆ ತೋರಿಸೋ ಆಪ್ಷನ್ ಮೊದಲು ಆಫ್ ಮಾಡಿ, ಆಗ ಬೀಮ್ ದಾಟೋ ಮೀನು ಕಮಾನಿನ ಥರ ಬಾಗಿದ ಗೆರೆಯಾಗಿ ಕಾಣತ್ತೆ. ತೆಪ್ಪ ನಿಂತಿದ್ದು ಮೀನೂ ನಿಂತಿದ್ರೆ ಕಮಾನು ಬರಲ್ಲ, ಉದ್ದಕ್ಕೆ ಗೆರೆ ಬರತ್ತೆ, ಕಮಾನು ಬರೋಕೆ ಎರಡರಲ್ಲೊಂದು ಚಲಿಸ್ಬೇಕು. ತಳದ ಗೆರೆ ದಪ್ಪಗೆ ಹೊಳೀತಿದ್ರೆ, ಅದರ ಕೆಳಗೆ ಎರಡರಷ್ಟು ಆಳದಲ್ಲಿ ಇನ್ನೊಂದು ಮಸುಕು ಗೆರೆ ಕಾಣ್ತಿದ್ರೆ ಅದು ಕಲ್ಲೋ ಗಟ್ಟಿ ನೆಲವೋ, ಮಂಕಾಗಿ ಹರಡಿದ್ರೆ ಕೆಸರು. ಮೃಗಾಲ್, ಕಾರ್ಪ್ ಮೇಯೋದು ಕೆಸರಿನ ಕಡೆ, ಕಲ್ಲು ಮುಗಿದು ಕೆಸರು ಶುರುವಾಗೋ ಅಂಚು ಸಿಕ್ಕಿದ್ರೆ ಗಾಳ ಅಲ್ಲೇ ಇಳಿಸಿ.

ಡೌನ್, ಸೈಡ್, ಲೈವ್

ಡೌನ್ ಇಮೇಜಿಂಗ್ ಅಂದ್ರೆ 455, 800 ಕಿಲೋಹರ್ಟ್ಜ್ ಥರ ತುಂಬಾ ಜಾಸ್ತಿ ಫ್ರೀಕ್ವೆನ್ಸಿಲಿ ಫೋಟೋ ಥರ ಚಿತ್ರ. ಬೊಡ್ಡೆ ಯಾವುದು, ಅದರ ಪಕ್ಕ ನಿಂತಿರೋ ಮೀನು ಯಾವುದು ಅಂತ ಬಿಡಿಸಿ ತೋರಿಸೋದ್ರಲ್ಲಿ ಇದಕ್ಕೆ ಸಾಟಿ ಇಲ್ಲ. ಹೆಲಿಕ್ಸ್ 5ರ ಡಿಐ ಮಾಡೆಲ್, ಹುಕ್ ರಿವೀಲ್ ಸ್ಪ್ಲಿಟ್‌ಶಾಟ್ ಇವುಗಳಲ್ಲಿ ಸಾದಾ ಸೋನಾರ್ ಜೊತೆಗೇ ಬರತ್ತೆ. ಮುಳುಗಿದ ಮರ ಜಾಸ್ತಿ ಇರೋ ಹಿನ್ನೀರಿಗೆ ಹೋಗೋರು ಸ್ವಲ್ಪ ಜಾಸ್ತಿ ಕೊಟ್ಟು ಇದನ್ನ ತಗೊಂಡ್ರೆ ನಷ್ಟ ಇಲ್ಲ. ಆದ್ರೆ ಇದೂ ಮುಂದೆ ಸಾಗ್ತಾ ಇದ್ರೇನೇ ಚಿತ್ರ ಬರೋದು.

ಸೈಡ್ ಇಮೇಜಿಂಗ್, ಅಂದ್ರೆ ಎರಡು ಪಕ್ಕದ ನೀರು, ತಳ ತೋರಿಸೋದು, ತೆಪ್ಪದೋರು ತಗೋಬೇಡಿ. ಅದಕ್ಕೆ ನೇರ ಗೆರೆಲಿ ಒಂದೇ ಸ್ಪೀಡಲ್ಲಿ ಹೋಗ್ಬೇಕು, ಹುಟ್ಟು ಹಾಕಿದಾಗೆಲ್ಲ ತೆಪ್ಪ ಗಿರ್ರಂತ ಅರ್ಧ ಸುತ್ತು ತಿರುಗತ್ತೆ, ಚಿತ್ರ ಎಲ್ಲ ಕಲಸುಮೇಲೋಗರ. ಮೋಟಾರ್ ದೋಣಿ ಇದ್ರೆ ಮಾತ್ರ ಯೋಚನೆ ಮಾಡಿ.

ಲೈವ್ ಸೋನಾರ್, ಅದೇ ಗಾರ್ಮಿನ್ ಲೈವ್‌ಸ್ಕೋಪ್, ಲೋರೆನ್ಸ್ ಆಕ್ಟಿವ್ ಟಾರ್ಗೆಟ್, ಯೂಟ್ಯೂಬಲ್ಲಿ ನೋಡಿ ಎಲ್ಲರೂ ಬಾಯಿ ಬಿಡೋದು, ಮೀನು ಬಂದು ಗಾಳ ಕಚ್ಚೋದು ವಿಡಿಯೋ ಥರ ಕಾಣತ್ತೆ. ಲಕ್ಷ ದಾಟತ್ತೆ, ಬೇರೆ ದೊಡ್ಡ ಸ್ಕ್ರೀನ್ ಬೇಕು, ದೊಡ್ಡ ಬ್ಯಾಟರಿ ಬೇಕು, ತಿರುಗಿಸೋಕೆ ಕಂಬ ಬೇಕು. ತಾಲೂಕಲ್ಲಿ ಒಬ್ಬ ತಗೊಂಡ್ರೆ ಎಲ್ಲರೂ ಹೋಗಿ ನೋಡ್ಕೊಂಡು ಬರೋಣ.

ಹಾಗಾದ್ರೆ ಯಾರಿಗೆ ಯಾವುದು

ದಡದೋರು, ಬಜೆಟ್ ಹತ್ತು ಹದಿನೈದು ಸಾವಿರ ಅಷ್ಟೇ ಇದ್ರೆ ಸದ್ಯಕ್ಕೆ ಏನೂ ತಗೋಬೇಡಿ, ಏಪ್ರಿಲ್ ಮೇನಲ್ಲಿ ನಡೆದು ಪಿನ್ ಹಾಕಿ, ದುಡ್ಡು ಕೂಡಿಟ್ಟು ಮೂರು ಬೀಮಿನದ್ದು ತಗೊಳ್ಳಿ. ತೆಪ್ಪದೋರಿಗೆ ಅದೇ ದುಡ್ಡಿಗೆ ಇನ್ನೊಂಚೂರು ಸೇರಿಸಿದ್ರೆ ಸ್ಟ್ರೈಕರ್ 4, ಜೊತೆಗೆ ಯುಪಿಎಸ್ ಬ್ಯಾಟರಿ, ಯೋಚನೆನೇ ಬೇಡ. ಮರ ಮುಳುಗಿರೋ ಕಡೆನೇ ಜಾಸ್ತಿ ಹೋಗೋರು, ಕಣ್ಣು ಮಂಜಾಗಿರೋರು ಐದಿಂಚಿನ ಡೌನ್ ಇಮೇಜಿಂಗ್. ವರ್ಷಕ್ಕೆ ನಾಲ್ಕು ಸಲ ಗೆಳೆಯರ ಜೊತೆ ಹೋಗೋರಿಗೆ ಸೀಸದ ದಾರವೇ ಬೆಸ್ಟು.

ವಿದೇಶದಿಂದ ಬರೋ ನೆಂಟರ ಕೈಲಿ ತರಿಸೋರು ವಾರಂಟಿ ಇಲ್ಲಿ ನಡೆಯತ್ತಾ ಕೇಳ್ಕೊಳ್ಳಿ, ಟ್ರಾನ್ಸ್‌ಡ್ಯೂಸರ್ ಡಬ್ಬದಲ್ಲೇ ಇದೆಯಾ ಅಂತಾನೂ ನೋಡಿ, ಕೆಲವು ಕಡೆ ಬರೀ ಸ್ಕ್ರೀನ್ ಮಾರ್ತಾರೆ, ರೇಟು ಕಮ್ಮಿ ಅಂತ ಖುಷಿಯಾಗಿ ತಗೊಂಡ್ರೆ ಆಮೇಲೆ ಅದರ ಅರ್ಧದಷ್ಟು ಮತ್ತೆ ಕೊಡ್ಬೇಕು. ಡ್ಯಾಮ್, ಕೆರೆಗಳಲ್ಲಿ ಮೀನು ಹಿಡಿಯೋಕೆ ಮೀನುಗಾರಿಕೆ ಇಲಾಖೆ ಲೈಸೆನ್ಸೋ ಗುತ್ತಿಗೆನೋ ಇರತ್ತೆ, ಊರ ಕೆರೆ ಆದ್ರೆ ಪಂಚಾಯ್ತಿದು, ಗುತ್ತಿಗೆದಾರರನ್ನ ಕೇಳಿ ಇಳೀರಿ. ಲಕ್ಕವಳ್ಳಿ ಕಡೆ ಭದ್ರಾ ಹಿನ್ನೀರು ಸುಮಾರಷ್ಟು ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು, ಅಲ್ಲಿ ಫಾರೆಸ್ಟ್‌ನೋರು ಹಿಡಿದ್ರೆ ರಾಡು, ತೆಪ್ಪ, ಹೊಸ ಫೈಂಡರ್ ಎಲ್ಲ ಒಟ್ಟಿಗೆ ಹೋಗತ್ತೆ.